ಔಷಧಿಯಿಲ್ಲದ ಸೂಜಿ

ಅವತ್ತು ನಾನು ಹಿಂದಿನಿಂದ ಕೂಗಿದಾಗ ಯಾಡಿ ತಲೆ ತಿರುಗಿಸಲಿಲ್ಲ. ಕಾಲು, ಸೊಂಟ, ಭುಜ ಎಲ್ಲವನ್ನೂ ಸೇರಿಸಿ ಇಡೀ ಮೈಯನ್ನೇ ತಿರುಗಿಸಿ ನಿಂತಳು.

ನನಗೆ ನಗು ಬಂತು. "ಏನ್ ಯಾಡಿ, ಪೊಲೀಸ್ ಪರೇಡ್ ಮಾಡಾಕ ಹತ್ತೀಯೇನು?" ಎಂದೆ.

ಅವಳು ನಗಲಿಲ್ಲ.

ಯಾಡಿ ಎಂದರೆ ನಮ್ಮ ಲಂಬಾಣಿ ಮಾತಿನಲ್ಲಿ ತಾಯಿ. ಅಪ್ಪನಿಗೆ ನಾವು ‘ಬಾ’ ಎನ್ನುತ್ತೇವೆ. ಕನ್ನಡದಲ್ಲಿ ಹಾಗೆಯೇ ಬರೆದರೆ ಓದುವವರಿಗೆ ಗೊಂದಲವಾದೀತೆಂದು ಅಪ್ಪ ಎಂದೇ ಬರೆಯುತ್ತೇನೆ. ಮನೆಯಲ್ಲಿ ಆಡಿದ್ದೆಲ್ಲ ನಮ್ಮ ಭಾಷೆಯಲ್ಲಿ ಆಡಿದ್ದು. ಇಲ್ಲಿ ಮಾತ್ರ ಸುತ್ತಲಿನವರ ಕನ್ನಡಕ್ಕೆ ತಂದಿದ್ದೇನೆ.

ನಮ್ಮ ತಾಂಡಾ ಸಂಡೂರಿನ ಗುಡ್ಡದ ಬುಡದಲ್ಲಿದೆ. ಅವರ ಮಗಳು ನಾನು, ಟಿ.ಸಿ.ಎಚ್. ಮುಗಿಸಿ ಕಂಪ್ಲಿಯ ಹತ್ತಿರ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ದಸರಾ ರಜೆಗೆಂದು ಮನೆಗೆ ಬಂದಾಗ ಕಂಡದ್ದು ಈ ಪರೇಡು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ, "ದಿಂಬು ಸರಿ ಇರಲಿಲ್ಲ" ಎಂದಳು. ನಮ್ಮ ಮನೆಯಲ್ಲಿ ದಿಂಬೇ ಇರಲಿಲ್ಲ. ಹಳೆಯ ಲಂಗ ಮಡಚಿ ತಲೆಯಡಿ ಇಟ್ಟುಕೊಂಡು ಮಲಗುವವಳು ದಿಂಬಿನ ಮೇಲೆ ದೂರು ಹೊರಿಸಿದಳೆಂದರೆ ವಿಷಯ ಸಣ್ಣದಲ್ಲ ಎಂದು ನನಗೆ ಅವತ್ತೇ ಹೊಳೆಯಬೇಕಿತ್ತು.

ಆ ಕುತ್ತಿಗೆಗೆ ಒಂದು ಚರಿತ್ರೆ ಇದೆ. ಡ್ಯಾಮಿನ ಕಾಲುವೆ ನೀರು ಬಂದ ಮೇಲೆ ಕಂಪ್ಲಿ ಸೀಮೆ ಕಬ್ಬು, ಭತ್ತಗಳಿಂದ ತುಂಬಿಹೋಯಿತು. ಗದ್ದೆಯವರು ಮಾಳಿಗೆ ಕಟ್ಟಿಸಿದರು, ರೈಸ್ ಮಿಲ್ ಹಾಕಿದರು. ಕಡಿದ ಕಬ್ಬಿನ ಹೊರೆಯನ್ನು ಗದ್ದೆಯ ಬದುವಿನ ಮೇಲೆ ಗಾಡಿಯವರೆಗೆ ಹೊತ್ತದ್ದು ನಮ್ಮ ತಾಂಡಾದ ಹೆಂಗಸರು. ನಾನು ಯಾಡಿಯ ಹೊಟ್ಟೆಯಲ್ಲಿದ್ದಾಗಲೂ ಅವಳ ತಲೆಯ ಮೇಲೆ ಹೊರೆ ಇತ್ತು. ಆಮೇಲೆ ಸಂಡೂರಿನಲ್ಲಿ ಕಸೂತಿ ಕೆಲಸ ಸಿಕ್ಕಿತು. ನೆರಳಿನಲ್ಲಿ ಕೂತು ಮಾಡುವ ಕೆಲಸ. ಹೊರೆ ಇಳಿಯಿತು ಎಂದು ಎಲ್ಲರೂ ಸಂತೋಷಪಟ್ಟೆವು. ಆದರೆ ಬೆಳಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿ, ಕನ್ನಡಿ ಚೂರಿನ ಸುತ್ತ ಹೊಲಿಗೆ ಹಾಕುತ್ತ ಕೂತರೆ ಕುತ್ತಿಗೆ ಸುಮ್ಮನೆ ಇರುತ್ತದೆಯೇ?

ಮೊದಲು ಎಲ್ಲರ ಮನೆಯಲ್ಲಿ ಮಾಡುವುದನ್ನೇ ಮಾಡಿದೆವು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆವು. ಬೇವಿನೆಣ್ಣೆ ತಿಕ್ಕಿದೆವು. ಊರಿನಲ್ಲಿ ಸೂಜಿ ಹಾಕುವವರ ಹತ್ತಿರ ಕೆಂಪು ಸೂಜಿ ಹಾಕಿಸಿದೆವು. ನಮ್ಮ ಕಡೆ ಕೆಂಪು ಬಣ್ಣದ ಔಷಧಿ ಸಿರಿಂಜಿನಲ್ಲಿ ಕಂಡರೇನೇ ಅರ್ಧ ರೋಗ ಹೋಗುತ್ತದೆ. ಯಾಡಿಯದು ಹೋಗಲಿಲ್ಲ. ನೋವು ಬಲಗಡೆ ಭುಜಕ್ಕೆ ಇಳಿಯಿತು. ಅಲ್ಲಿಂದ ತಲೆಗೆ ಏರಿ ಕಣ್ಣಿನ ಹಿಂದೆ ಕೂತಿತು. ರೊಟ್ಟಿ ತಟ್ಟಲು ಆಗದಾಯಿತು. ಸೂಜಿಗೆ ದಾರ ಪೋಣಿಸಲು ಆಗದಾಯಿತು. ಹಗಲು ಗೋಡೆಗೆ ಒರಗಿ ಕೂತೇ ತೂಕಡಿಸುತ್ತಿದ್ದಳು.

ಅಪ್ಪ ನೀರು ತರತೊಡಗಿದ. ತಾಂಡಾದಲ್ಲಿ ಗಂಡಸು ತಲೆಯ ಮೇಲೆ ಕೊಡ ಹೊತ್ತು ಬಂದರೆ ನೋಡುವವರಿಗೆ ಪುಕ್ಕಟೆ ನಾಟಕ. ಅಪ್ಪ ಅದಕ್ಕೆಲ್ಲ ಸೊಪ್ಪು ಹಾಕುವವನಲ್ಲ. ಗಣಿಯಲ್ಲಿ ಲಾರಿಗೆ ಅದಿರು ತುಂಬುವ ಕೆಲಸ ಅವನದು. ಹುಬ್ಬಿನವರೆಗೆ ಕೆಂಪು ಧೂಳು ಮೆತ್ತಿಕೊಂಡು ಮನೆಗೆ ಬರುತ್ತಿದ್ದ, ಕೊಡ ಎತ್ತಿಕೊಂಡು ಹಾಗೆಯೇ ಬೋರಿಂಗಿಗೆ ಹೋಗುತ್ತಿದ್ದ. ಯಾರಾದರೂ ನಕ್ಕರೆ, "ನಾ ಇಷ್ಟ ದಿನ ಕುಡದ ನೀರು ಆಕಿ ಹೊತ್ತಿದ್ದು, ಈಗ ನನ್ನ ಪಾಳಿ" ಎನ್ನುತ್ತಿದ್ದ.

ನನ್ನ ಶಾಲೆಯ ಹೆಡ್‌ಮಾಸ್ತರರು ಹೊಸಪೇಟೆಯ ಒಬ್ಬ ಡಾಕ್ಟರ ಬಗ್ಗೆ ಹೇಳಿದರು. ಕುತ್ತಿಗೆ, ಸೊಂಟ ನೋಡುವುದರಲ್ಲಿ ಕೈಗುಣ ಇದೆ, ದೊಡ್ಡ ಊರಲ್ಲಿ ಕಲಿತು ಬಂದವರು ಎಂದರು. ಮೂವರೂ ಸಂಡೂರಿನಿಂದ ಬಸ್ ಹತ್ತಿದೆವು. ಘಾಟಿನ ತಿರುವಿನಲ್ಲೆಲ್ಲ ಯಾಡಿ ಎರಡೂ ಕೈಯಿಂದ ತನ್ನ ತಲೆಯನ್ನೇ ಹಿಡಿದುಕೊಂಡಿದ್ದಳು. ಅಪ್ಪ ತನ್ನ ಭುಜ ಕೊಟ್ಟು ಕೂತಿದ್ದ.

ಡಾಕ್ಟರದು ಮಾತು ಕಡಿಮೆ. ಎಕ್ಸ್‌ರೇ ತೆಗೆಸಿದರು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಯಾಡಿಯ ಹಿಂದೆ ನಿಂತು ಭುಜದ ಮೇಲೆ ಹೆಬ್ಬೆರಳು ಊರಿ ಮೆಲ್ಲಗೆ ಸರಿಸುತ್ತ ಹೋದರು. ಒಂದು ಕಡೆ ಒತ್ತಿದಾಗ ಯಾಡಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಇಲ್ಲಿ ಒತ್ತಿದ್ರ ನೋವು ಎಲ್ಲಿ ಹೋಗ್ತೈತಮ್ಮ?"

"ಕಣ್ಣಿನ ಹಿಂದಕ್ಕ ಹೋಗ್ತೈತ್ರಿ."

"ಎಲುಬಿನಾಗ ಏನೂ ತೊಂದ್ರಿ ಇಲ್ಲ. ಮಾಂಸದಾಗ ಗಂಟು ಬಿದ್ದಾವ." ಅವರು ನನ್ನ ಕಡೆ ತಿರುಗಿದರು. ಇದಕ್ಕೆ ಡ್ರೈ ನೀಡ್ಲಿಂಗ್ ಎಂಬ ಚಿಕಿತ್ಸೆ ಇದೆ, ಸಣ್ಣ ಸೂಜಿಯನ್ನು ಸೀದಾ ಗಂಟಿಗೆ ಚುಚ್ಚುವುದು, ಅದರಲ್ಲಿ ಔಷಧಿ ಇರುವುದಿಲ್ಲ ಎಂದರು. "ಎಲ್ಲಾರಿಗೂ ಆಗ್ತೈತಿ ಅಂತ ನಾ ಹೇಳೂದಿಲ್ಲ. ಭಾಳ ಮಂದಿಗೆ ಒಂದಿಷ್ಟು ದಿನ ಹಗುರ ಆಗ್ತೈತಿ. ಆ ದಿನದಾಗ ಕುತ್ತಿಗಿ ವ್ಯಾಯಾಮ ಮಾಡಿ ಗಟ್ಟಿ ಮಾಡ್ಕೋಬೇಕು."

ಯಾಡಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಔಷಧಿ ಇಲ್ಲದ ಸೂಜಿ ಚುಚ್ಚಿಸ್ಕೊಳ್ಳಾಕ ಇಷ್ಟು ದೂರ ಬರಬೇಕಾಗಿತ್ತೇನು? ಅದು ನನ್ನ ಡಬ್ಬ್ಯಾಗ ಬೇಕಾದಷ್ಟು ಐತಿ."

ಅಪ್ಪನಿಗೆ ಕೇಳಿಸಿತು. ಬಾಯಿಗೆ ಟವೆಲ್ ಒತ್ತಿ ನಕ್ಕ.

ಡಾಕ್ಟರು ಆಗ ಅವಳ ಕೂದಲನ್ನು ಗಮನಿಸಿದರು. ನಮ್ಮ ಹೆಂಗಸರು ಮದುವೆಯಾದ ಮೇಲೆ ಎರಡೂ ಕಿವಿಯ ಬದಿಯ ಕೂದಲನ್ನು ಸಣ್ಣ ಜಡೆಯಾಗಿ ಹೆಣೆದು ಅದಕ್ಕೆ ಬೆಳ್ಳಿಯ ಟೋಪ್ಲಿ ಕಟ್ಟುತ್ತಾರೆ. ಗಂಟೆಯಂಥ ಗುಂಡು, ಅದರ ಕೆಳಗೆ ಗೆಜ್ಜೆ, ಎಳೆ, ಗೊಂಡೆ. ಯಾಡಿಯದು ಅಜ್ಜಿಯ ಕಾಲದ್ದು, ಭಾರೀ ತೂಕದ್ದು. ಡಾಕ್ಟರು ಅಂಗೈಯಲ್ಲಿ ಅದನ್ನು ಎತ್ತಿ ನೋಡಿದರು.

"ಇದನ್ನ ತೆಗೀಬೇಕಲ್ಲಮ್ಮ. ಇದೊಂದ ಕಾರಣ ಅಲ್ಲ. ಆದ್ರ ಹಗಲೂ ರಾತ್ರಿ ಜಗ್ಗತಿದ್ರ ಗಂಟು ಬಿಚ್ಚೂದು ಹೆಂಗ?"

ಯಾಡಿ ಎದ್ದು ಬಾಗಿಲ ಕಡೆ ನಡೆದಳು.

ಡಾಕ್ಟರಿಗೆ ನಾನೇ ವಿವರಿಸಬೇಕಾಯಿತು. ಟೋಪ್ಲಿಯನ್ನು ಒಮ್ಮೆ ಕಟ್ಟಿದರೆ ಗಂಡ ಸತ್ತ ದಿನವೇ ತೆಗೆಯುವುದು. ತಲೆಗೆ ಎರೆದುಕೊಂಡು ಮತ್ತೆ ಹೆಣೆಯುವಾಗ ಕೂಡ ಒಂದು ಬದಿಯದು ಕಟ್ಟಿ ಮುಗಿಸಿಯೇ ಇನ್ನೊಂದು ಬದಿ ಬಿಚ್ಚುತ್ತಾರೆ. ಎರಡೂ ಇಲ್ಲದ ತಲೆಯನ್ನು ಯಾರೂ ನೋಡಬಾರದು. ಅವರು ತಲೆಯಾಡಿಸಿದರು, ಒತ್ತಾಯ ಮಾಡಲಿಲ್ಲ. ಯಾಡಿಯನ್ನು ಕರೆತಂದು, ಟೋಪ್ಲಿಯನ್ನು ಮುಂದಕ್ಕೆ ಸರಿಸಿ ಕೂರಿಸಿ ಎಂದಷ್ಟೇ ಹೇಳಿದರು.

ಭುಜದ ಮೇಲಿನ ಮಾಂಸವನ್ನು ಎಡಗೈಯಿಂದ ಹಿಡಿದೆತ್ತಿ, ಕೂದಲೆಳೆಯಷ್ಟು ಸಣ್ಣ ಸೂಜಿಯನ್ನು ಇಳಿಸಿದರು. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹಿಂದೆಳೆದು ಮತ್ತೆ ಇಳಿಸಿದಾಗ ಚರ್ಮದ ಅಡಿಯಲ್ಲಿ ಏನೋ ಫಟ್ಟೆಂದು ಜಿಗಿಯಿತು. ನನ್ನ ಕಣ್ಣಿಗೇ ಕಂಡಿತು. ಯಾಡಿ "ಅಯ್ಯಯ್ಯೋ" ಎಂದು ನನ್ನ ಮುಂಗೈ ಹಿಡಿದಳು. ಆಮೇಲೆ ಕೇಳಿದ್ದಕ್ಕೆ, ಒಳಗೆ ಮೀನು ಒದ್ದಂತಾಯಿತು ಎಂದಳು.

ಮರುದಿನವೆಲ್ಲ ಆ ಜಾಗ ಹೊಡೆಸಿಕೊಂಡಂತೆ ನೋಯುತ್ತಿತ್ತು. ಅದರಾಚೆಯ ದಿನ ಅವಳು ನಿದ್ದೆ ಮಾಡಿದಳು. ನೆಲಕ್ಕೆ ಬೆನ್ನು ಹಚ್ಚಿ, ಬಾಯಿ ತೆರೆದು, ಗೊರಕೆ ಹೊಡೆದು ನಿದ್ದೆ ಮಾಡಿದಳು. ಅಪ್ಪ ಹೊಸ್ತಿಲಲ್ಲಿ ಕೂತು ಆ ಗೊರಕೆಯನ್ನು ಹಾಡು ಕೇಳಿದ ಹಾಗೆ ಕೇಳಿದ.

ಸ್ವಲ್ಪ ದಿನ ಹಗುರ, ಮತ್ತೆ ಬಿಗಿ. ಮತ್ತೆ ಹೊಸಪೇಟೆ, ಮತ್ತೆ ಸೂಜಿ, ಮತ್ತೆ ಹಗುರ, ಮತ್ತೆ ಬಿಗಿ. ನಾನು ರಜೆ ಹಾಕಿ ಕಂಪ್ಲಿಯಿಂದ ನೇರ ಹೊಸಪೇಟೆಗೆ ಬರುತ್ತಿದ್ದೆ, ಅವರಿಬ್ಬರು ಸಂಡೂರಿನಿಂದ. ಡಾಕ್ಟರು ಟೋಪ್ಲಿಯ ಮಾತು ಮತ್ತೆ ಎತ್ತಲಿಲ್ಲ. ಎತ್ತಿದವನು ಅಪ್ಪ.

ಅವತ್ತು ಆಸ್ಪತ್ರೆ ಮುಗಿಸಿ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಕಾಲುವೆ ದಂಡೆಯ ಬೇವಿನ ಮರದಡಿ ಕೂತಿದ್ದೆವು. ಮಧ್ಯಾಹ್ನದ ಬಿಸಿಲು. ಕಾಲುವೆ ತುಂಬಿ ಹರಿಯುತ್ತಿತ್ತು. ಯಾಡಿ ಬಲಗಡೆಯ ಟೋಪ್ಲಿಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಕೂತಿದ್ದಳು. ಅದನ್ನು ಬಿಟ್ಟರೆ ಜಗ್ಗುತ್ತಿತ್ತು. ಅಪ್ಪ ಬಹಳ ಹೊತ್ತು ಅವಳ ಆ ಕೈಯನ್ನೇ ನೋಡಿದ.

"ಈ ಕಡೆ ತಿರುಗು" ಎಂದ.

ತಲೆಯ ಓಢಣಿ ಸರಿಮಾಡಲಿಕ್ಕೇನೋ ಎಂದುಕೊಂಡು ಅವಳು ತಿರುಗಿದಳು. ಅಪ್ಪ ಜಡೆಯ ಗಂಟಿಗೆ ಕೈ ಹಾಕಿದ.

"ಏನ್ ಮಾಡಾಕ ಹತ್ತೀಯಿ?" ಅವಳು ಜಡೆಯನ್ನು ಹಿಡಿದುಕೊಂಡಳು.

"ಸುಮ್ನ ಕುಂದ್ರು."

"ಬ್ಯಾಡ. ಯಾರರ ನೋಡ್ತಾರ. ಬ್ಯಾಡ ಅಂದ್ನೆಲ್ಲ."

"ನೋಡ್ಲಿ. ನಾ ಸತ್ತ ಮ್ಯಾಲ ಯಾರೋ ಬಂದು ಹರದು ತೆಗೀತಾರ. ನಾ ಇದ್ದಾಗ ನಾನ ತೆಗೀತೀನಿ. ನಾ ಕಟ್ಟಿಸಿದ್ದು, ನಾ ಬಿಚ್ಚೂದು. ಇಲ್ಲೇ ನಿನ್ನ ಮುಂದ ಕಲ್ಲಗುಂಡಿನಂಗ ಕುಂತೀನಲ್ಲ, ನಂಗೇನಾಗೈತಿ?"

ಅದಿರು ತುಂಬಿ ಒರಟಾದ ಬೆರಳು ಅವನವು. ಆ ಸಣ್ಣ ಗಂಟುಗಳು ಬೇಗ ಸಿಗಲಿಲ್ಲ. ಒಂದೊಂದೇ ಎಳೆ ಬಿಡಿಸಿದ, ಕೂದಲು ಜಗ್ಗದ ಹಾಗೆ. ಬಲಗಡೆಯದಾಯಿತು. ಎಡಗಡೆಯದಾಯಿತು. ಯಾಡಿ ಕಣ್ಣು ಮುಚ್ಚಿ, ಅವನ ಮಂಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ರಸ್ತೆಯಲ್ಲಿ ಹೋಗುವವರಿಗೆ ಕಾಣದ ಹಾಗೆ ನಾನು ಅಡ್ಡ ನಿಂತೆ. ನನ್ನ ತಂದೆ ತಾಯಿ ಅಷ್ಟು ಹತ್ತಿರ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಪ್ಪ ಟೋಪ್ಲಿಗಳನ್ನು ತನ್ನ ಟವೆಲಿನಲ್ಲಿ ಕಟ್ಟಿ, ಕೈಯಲ್ಲೇ ತೂಗಿ ನೋಡಿ, "ಎಮ್ಮಿಗೆ ಕಟ್ಟಿದ್ರ ಎಮ್ಮಿನೂ ಒದರತಿತ್ತು" ಎಂದ. ಯಾಡಿ ಅಳುತ್ತಲೇ ನಕ್ಕಳು.

ಆಮೇಲಿನ ತಿಂಗಳುಗಳು ಒಳ್ಳೆಯವು. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಸೂಜಿಯ ಗುಣ ಬಹಳ ದಿನ ನಿಲ್ಲತೊಡಗಿತು. ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಯಾಡಿ ನಾಚಿಕೆಯಿಂದ ಮಾಡುತ್ತಿರಲಿಲ್ಲ, ಅದಕ್ಕೆ ಅಪ್ಪ ಎದುರಿಗೆ ಕೂತು ತಾನೂ ಮಾಡುತ್ತಿದ್ದ. ಗಲ್ಲ ಒಳಗೆ, ಭುಜ ಹಿಂದಕ್ಕೆ. ಇಬ್ಬರೂ ಎದುರುಬದುರು ಕೂತು ಹುಂಜಗಳ ಹಾಗೆ ಕುತ್ತಿಗೆ ಆಡಿಸುವುದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಯಾಡಿ ಮತ್ತೆ ರೊಟ್ಟಿ ತಟ್ಟಿದಳು. ಮತ್ತೆ ಕಸೂತಿಗೆ ಹೋದಳು, ಆಗಾಗ ಎದ್ದು ಅಡ್ಡಾಡುತ್ತ.

ತಲೆಯ ಮೇಲಿನ ಓಢಣಿಯನ್ನು ಮಾತ್ರ ಹಣೆಯವರೆಗೆ ಎಳೆದುಕೊಂಡಿರುತ್ತಿದ್ದಳು. ಆದರೂ ತಾಂಡಾದಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ನಡೆಯುವಾಗ ಗೆಜ್ಜೆ ಸದ್ದಿಲ್ಲ ಎಂಬುದು ಎಲ್ಲರ ಕಿವಿಗೂ ಬಿತ್ತು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಮನೆಯ ಮುಂದೆ ನಿಂತು ಕೂಗಾಡಿದಳು. "ಗಂಡ ಜೀವಂತ ಇರೂವಾಗ ಮುಂಡಿ ಆಗ್ಯಾಳ. ನನ್ನ ತಮ್ಮನ ಆಯುಷ್ಯ ತಿಂತಾಳ ಈಕಿ." ಅಪ್ಪ ಹೊರಗೆ ಬಂದು, "ತೆಗದವ ನಾನು. ಬೈಯೂದಿದ್ರ ನನ್ನ ಬೈ" ಎಂದ. ಊರ ಬಾಯಿಗೆ ಮುಚ್ಚಳ ಇಲ್ಲ. ಅಪ್ಪ ಇದ್ದ, ಅದಕ್ಕೇ ಆ ಮಾತುಗಳು ಹೊಸ್ತಿಲಿನಾಚೆಯೇ ಉಳಿದವು.

ಬೇಸಿಗೆ ಶುರುವಾಗಿತ್ತು. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಹೆಡ್‌ಮಾಸ್ತರರು ನನ್ನನ್ನು ಹೊರಗೆ ಕರೆದರು.

ಅಪ್ಪ ಹೋಗಿಬಿಟ್ಟಿದ್ದ.

ಗಣಿಯ ಹತ್ತಿರ ಮರದಡಿ ಊಟಕ್ಕೆ ಕೂತಿದ್ದನಂತೆ. ಎದೆ ಉರಿಯುತ್ತದೆ ಎಂದನಂತೆ. ಬುತ್ತಿ ಬಿಚ್ಚಿದವನು ಹಾಗೆಯೇ ಪಕ್ಕಕ್ಕೆ ವಾಲಿದ. ಆಸ್ಪತ್ರೆಗೆ ತರುವಷ್ಟರಲ್ಲಿ ಮುಗಿದಿತ್ತು. ಹಾರ್ಟ್ ಅಟ್ಯಾಕ್ ಎಂದರು. ಇದಕ್ಕಿಂತ ಹೆಚ್ಚಿಗೆ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಮನೆ ಮುಟ್ಟಿದಾಗ ಅಂಗಳದಲ್ಲಿ ಜನ ತುಂಬಿದ್ದರು. ಯಾಡಿ ಅಪ್ಪನ ಕಾಲ ಬಳಿ ಕೂತಿದ್ದಳು. ಅತ್ತೆ ಮತ್ತು ಇನ್ನಿಬ್ಬರು ಮುದುಕಿಯರು ಒಂದು ವಾದದಲ್ಲಿ ತೊಡಗಿದ್ದರು. ಕೈಯ ಬಳೆ ತೆಗೆಯುವುದು ಸರಿ. ಟೋಪ್ಲಿ ತೆಗೆಯುವುದು ಹೇಗೆ? ಅದು ಮೊದಲೇ ಇಲ್ಲವಲ್ಲ. ಇಲ್ಲದ್ದನ್ನು ತೆಗೆದರೆ ಶಾಸ್ತ್ರ ಆಗುವುದಿಲ್ಲ, ಸತ್ತವನಿಗೆ ದಾರಿ ಸಿಗುವುದಿಲ್ಲ. ಕೊನೆಗೆ ತೀರ್ಮಾನವಾಯಿತು. ಪೆಟ್ಟಿಗೆಯಿಂದ ಟೋಪ್ಲಿ ತಂದರು. ಯಾಡಿಯ ಕೂದಲನ್ನು ಎರಡೂ ಬದಿ ಹೆಣೆದು ಕಟ್ಟಿದರು.

ತೆಗೆಯುವುದಕ್ಕಾಗಿ ಕಟ್ಟಿದರು.

ನಾನು ನಡುವೆ ಬಿದ್ದು ಕೂಗಾಡಿದೆ. ಓದಿದ ಹುಡುಗಿಯ ಸೊಕ್ಕು ಎಂದರು, ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಅತ್ತೆ ಜಡೆ ಹಿಡಿದು ಜಗ್ಗಿ ಟೋಪ್ಲಿ ಕಿತ್ತಾಗ ಯಾಡಿಯ ತಲೆ ಒಂದು ಕಡೆಗೆ ವಾಲಿತು. ಅದು ಹಾಗೆಯೇ ನಿಂತಿತು.

ನಮ್ಮಲ್ಲಿ ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ. ಹೆಂಗಸರು ಒಬ್ಬರ ಕೊರಳು ಒಬ್ಬರು ತಬ್ಬಿಕೊಂಡು, ಹೋದವರ ಗುಣ, ಅವರು ಆಡಿದ ಮಾತು, ತಂದುಕೊಟ್ಟ ವಸ್ತು ಎಲ್ಲವನ್ನೂ ಹೇಳಿ ಹೇಳಿ ರಾಗವಾಗಿ ಅಳುತ್ತಾರೆ. ಒಬ್ಬಳು ಒಂದು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನು ಹಿಡಿದು ಮುಂದಕ್ಕೆ ಒಯ್ಯಬೇಕು. ಹೆಂಡತಿಯ ಅಳುವೇ ಮೊದಲನೆಯದು. ಯಾಡಿ ಎತ್ತಲಿಲ್ಲ. ಎಲ್ಲರೂ ಕಾದರು. ಕೊನೆಗೆ ಅತ್ತೆಯೇ ಶುರು ಮಾಡಿದಳು. ಅವಳು ಬಂದು ತಬ್ಬಿದರೂ ಯಾಡಿಯ ಬಾಯಿಂದ ಒಂದು ಸ್ವರ ಬರಲಿಲ್ಲ. ಗಂಡನಿಗೆ ಅಳಲಿಲ್ಲ ಎಂಬ ಮಾತೂ ಆ ದಿನವೇ ಹುಟ್ಟಿತು.

ದಿನಕರ್ಮ ಮುಗಿದ ಮೇಲೆ ನಾನು ಅವಳನ್ನು ಕಂಪ್ಲಿಗೆ ಕರೆತಂದೆ. ಕುತ್ತಿಗೆ ಮೊದಲಿಗಿಂತ ಬಿಗಿಯಾಗಿತ್ತು. ಬಲಗಡೆಗೆ ವಾಲಿದ ತಲೆಯಲ್ಲೇ ಉಣ್ಣುತ್ತಿದ್ದಳು, ವಾಲಿದ ತಲೆಯಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ "ಬ್ಯಾಡ" ಎನ್ನುತ್ತಿದ್ದಳು. ಶಾಖ ಕೊಡುತ್ತೇನೆ ಎಂದರೆ "ಬ್ಯಾಡ". ಒಂದು ದಿನ ನಾನು ಸಿಟ್ಟಿಗೆದ್ದು ಎಣ್ಣೆ ಬಟ್ಟಲನ್ನು ಅವಳ ಮುಂದೆ ಕುಕ್ಕಿದೆ.

"ಏನಂತ ತಿಳ್ಕೊಂಡಿ? ನೋವು ತಿಂದು ತಿಂದು ಸಾಯಬೇಕಂತ ಮಾಡೀಯೇನು?"

"ಈ ಕುತ್ತಿಗಿ ಹಗುರ ಆಗ್ಲೆಂತ ಅವ ಅದನ್ನ ತೆಗದ" ಎಂದಳು. "ತೆಗದು ಹ್ವಾದ. ಅವನ ಜೀವ ಕೊಟ್ಟು ತಗೊಂಡ ಹಗುರ ನಂಗ್ಯಾಕ ಬೇಕು? ನೋಯ್ಲಿ."

ನಾನು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ರಕ್ತನಾಳದ ಚಿತ್ರ ಬರೆದು ತೋರಿಸಿದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಎಂದೆ. ಅವಳು ಮಗು ಪಾಠ ಕೇಳುವ ಹಾಗೆ ಕೇಳಿದಳು, ನಂಬಲಿಲ್ಲ. ನಂಬಿಸಲು ನಾನು ಯಾರು? ನಾನು ಮಗಳು. ಮಗಳು ತಾಯಿಯ ಪರ ಹೇಳಿಯೇ ಹೇಳುತ್ತಾಳೆ. ಒಂದು ಬಗೆಯ ಹೆದರಿಕೆ ನನ್ನನ್ನು ಹಿಡಿಯಿತು. ಅಪ್ಪನನ್ನು ಎದೆ ಕೊಂದಿತು, ಇವಳನ್ನು ಈ ನಂಬಿಕೆ ಕೊಲ್ಲುತ್ತದೆ ಎನಿಸಿತು. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿರುವಾಗ ಮನೆಯಲ್ಲಿ ಏನಾಗಿದೆಯೋ ಎಂಬ ಯೋಚನೆಯಲ್ಲಿ ನನಗೇ ಲೆಕ್ಕ ತಪ್ಪುತ್ತಿತ್ತು.

ಕಬ್ಬಿನ ಕಾಲ ಬಂತು. ನಮ್ಮ ತಾಂಡಾದ ಗ್ಯಾಂಗು ಕಂಪ್ಲಿಯ ಗದ್ದೆಗಳಲ್ಲಿ ಗುಡಿಸಲು ಹಾಕಿತು. ಅತ್ತೆಯೂ ಬಂದಿದ್ದಳು. ಒಂದು ಸಂಜೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ತಮ್ಮ ಹೋದ ಮೇಲೆ ಬಹಳ ಸೊರಗಿದ್ದಳು. ಒಳಗೆ ಬಾ ಎನ್ನಲು ನನಗೆ ಮನಸ್ಸಿರಲಿಲ್ಲ. ಅವಳು ಯಾಡಿಯ ವಾಲಿದ ತಲೆಯನ್ನು ನೋಡುತ್ತ ಹೊಸ್ತಿಲ ಬಳಿಯೇ ಕೂತಳು.

ಯಾಡಿಯೇ ಮಾತಾಡಿದಳು. "ನಾಳೆ ಹೊಸಪೇಟಿಗೆ ಹೋಗೂಣು."

ನಾನು ಬೆಪ್ಪಾಗಿ ನೋಡಿದೆ.

"ಸೂಜಿಗೆ ಅಲ್ಲ" ಎಂದಳು. "ಡಾಕ್ಟ್ರನ್ನ ಒಂದು ಮಾತು ಕೇಳಬೇಕು. ಅಕ್ಕನೂ ಬರ್ಲಿ. ನನ್ನ ಮುಂದನ ಆಕಿನೂ ಕೇಳ್ಲಿ."

ಮರುದಿನ ಮೂವರೂ ಬಸ್ ಹತ್ತಿದೆವು. ಎರಡೂ ಕಡೆ ಹಸಿರು ಗದ್ದೆ, ನೀರು, ಕಬ್ಬಿನ ಗಾಡಿಗಳ ಸಾಲು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು, ಯಾಡಿ ತನ್ನ ಬರಿಗೈಗಳನ್ನು.

ಡಾಕ್ಟರು ಯಾಡಿಯನ್ನು ಕಂಡವರೇ ಗುರುತು ಹಿಡಿದರು. ಅವಳ ತಲೆ, ಬರಿದಾದ ಕೈ ನೋಡಿ ಅವರ ಮುಖ ಬದಲಾಯಿತು. "ಯಜಮಾನ್ರು?" ಎಂದರು. ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಯಾಡಿ ನಿಂತೇ ಕೇಳಿದಳು. ಕನ್ನಡದಲ್ಲಿ ಕೇಳಿದಳು, ತಡವರಿಸುತ್ತ.

"ಡಾಕ್ಟ್ರೆ, ನೀವು ಅದನ್ನ ತೆಗೀರಿ ಅಂದ್ರಿ. ಅವ ತೆಗದ. ತೆಗದದ್ದಕ್ಕ ಅವನ ಜೀವ ಹೋತೇನ್ರಿ? ಖರೇ ಹೇಳ್ರಿ. ನನ್ನ ಮನಸ್ಸಿಗೆ ಬೇಕಾದಂಗ ಹೇಳಬ್ಯಾಡ್ರಿ."

ಡಾಕ್ಟರು ಎದ್ದು ಬಂದು ಅವಳ ಎದುರಿನ ಸ್ಟೂಲಿನ ಮೇಲೆ ಕೂತರು.

"ಇಲ್ಲಮ್ಮ. ಅದಕ್ಕ ಹೋಗಿಲ್ಲ. ಎದಿ ಒಂದ ದಿನದಾಗ ಹಂಗ ಕೆಡೂದಿಲ್ಲ, ಮೊದಲಿಂದ ಕೆಟ್ಟಿರ್ತೈತಿ. ಅದನ್ನ ನೋಡಬೇಕಾದವ ನಾನು. ಪ್ರತಿ ಸಲ ಅವರು ನಿಮ್ಮ ಜೋಡಿ ಇಲ್ಲೇ, ಈ ಬೆಂಚಿನ ಮ್ಯಾಲ ಕುಂತಿರ್ತಿದ್ರು. ನಾ ನಿಮ್ಮ ಕುತ್ತಿಗಿ ನೋಡ್ದೆ. ಅವರನ್ನ ಒಮ್ಮಿನೂ ಕೇಳ್ಲಿಲ್ಲ." ಅವರು ಆ ಬೆಂಚಿನ ಕಡೆ ನೋಡಿದರು. "ಅವರು ನನಗೂ ಏನೂ ಹೇಳ್ಲಿಲ್ಲ. ನಿಮ್ಮ ಬಗ್ಗೆ ಮಾತ್ರ ಕೇಳ್ತಿದ್ರು. ರೊಟ್ಟಿ ಬಡಿಬೌದೇನ್ರಿ, ನೀರು ಹೊರಬೌದೇನ್ರಿ, ಮತ್ತ ನೋಯೂದಿಲ್ಲಲ್ರಿ, ಬರೇ ಇದ."

ಯಾಡಿ ಅತ್ತೆಯ ಕಡೆ ನೋಡಿದಳು. ಅತ್ತೆ ನೆಲ ನೋಡುತ್ತಿದ್ದಳು.

"ಹಂಗಾರ ಹಾಕ್ರಿ ಸೂಜಿ" ಎಂದಳು ಯಾಡಿ.

ಅವಳನ್ನು ಮಂಚದ ಮೇಲೆ ಬೋರಲು ಮಲಗಿಸಿದರು. ಡಾಕ್ಟರು ಬೆರಳಿಂದ ಹುಡುಕಿದರು, ಗಂಟು ಸಿಕ್ಕಿತು, ಮಾಂಸ ಹಿಡಿದೆತ್ತಿ ಸೂಜಿ ಇಳಿಸಿದರು. ಒಂದು ಸಲ. ಇನ್ನೊಂದು ಸಲ. ಚರ್ಮದಡಿ ಅದು ಜೋರಾಗಿ ಜಿಗಿಯಿತು, ಭುಜವೇ ನೆಗೆದಂತಾಯಿತು. ಯಾಡಿ ಹಾ ಎಂದಳು. ಆ ಹಾ ನಿಲ್ಲಲಿಲ್ಲ. ಉದ್ದವಾಯಿತು, ಏರಿತು, ರಾಗವಾಯಿತು.

ಡಾಕ್ಟರು ಗಾಬರಿಯಿಂದ ಸೂಜಿ ಹೊರತೆಗೆದರು. "ಭಾಳ ನೋವಾತೇನು? ಏನಂತಾರ ಅವರು?" ಎಂದು ನನ್ನನ್ನು ಕೇಳಿದರು. ಬಾಗಿಲಲ್ಲಿ ನರ್ಸ್ ಬಂದು ನಿಂತಳು. ಹೊರಗಿನ ರೋಗಿಗಳು ಇಣುಕತೊಡಗಿದರು.

ಯಾಡಿ ನಮ್ಮ ಮಾತಿನಲ್ಲಿ ಅಪ್ಪನನ್ನು ಹಾಡಿ ಅಳುತ್ತಿದ್ದಳು. ಕೊಡ ಹೊತ್ತ ನನ್ನ ದೊರೆಯೇ ಎನ್ನುತ್ತಿದ್ದಳು. ನಿನ್ನ ಭುಜದ ಮೇಲೆ ತಲೆ ಇಟ್ಟು ಘಾಟು ಇಳಿದೆನಲ್ಲ, ನಿನ್ನ ಎದೆಯ ಸದ್ದು ನನಗೆ ಕೇಳಿಸಲಿಲ್ಲವಲ್ಲ ಎನ್ನುತ್ತಿದ್ದಳು. ಅದಿರು ಹೊತ್ತ ಕೈಯಿಂದ ನೀನು ನನ್ನ ಜಡೆ ಬಿಚ್ಚಿದೆ, ಒಂದು ಕೂದಲೂ ಜಗ್ಗಲಿಲ್ಲ ಎನ್ನುತ್ತಿದ್ದಳು.

ಅಲ್ಲಿಗೆ ನಿಲ್ಲಿಸಿದಳು. ಸಾಲು ಗಾಳಿಯಲ್ಲಿ ಉಳಿಯಿತು. ಅದನ್ನು ಯಾರಾದರೂ ಎತ್ತಿಕೊಳ್ಳಬೇಕು. ಆ ಕೋಣೆಯಲ್ಲಿ ಎತ್ತಿಕೊಳ್ಳಲು ಬಲ್ಲವಳು ಒಬ್ಬಳೇ ಇದ್ದಳು. ನನಗೆ ರಾಗ ಬರುವುದಿಲ್ಲ, ನಾನು ಶಾಲೆಯಲ್ಲಿ ಬೆಳೆದವಳು.

ಅತ್ತೆ ಗೋಡೆಗೆ ಒರಗಿ ನಿಂತಿದ್ದಳು. ಅವಳು ನಿಧಾನವಾಗಿ ಬಂದು, ಮಂಚದ ಬಳಿ ನೆಲಕ್ಕೆ ಮಂಡಿಯೂರಿ, ಯಾಡಿಯ ಕೊರಳನ್ನು ತಬ್ಬಿದಳು. ಸೂಜಿ ಚುಚ್ಚಿದ ಜಾಗಕ್ಕೆ ತಾಗದ ಹಾಗೆ ತಬ್ಬಿದಳು.

"ನನ್ನ ತಮ್ಮ ತನ್ನ ಕೈಯಿಂದ ಬಿಚ್ಚಿದ" ಎಂದು ಎತ್ತಿಕೊಂಡಳು. "ಒಂದು ಕೂದಲೂ ಜಗ್ಗಲಿಲ್ಲ. ಜಗ್ಗಿದವಳು ನಾನು."

ಡಾಕ್ಟರು ನರ್ಸಿಗೆ ಬಾಗಿಲು ಮುಚ್ಚಲು ಹೇಳಿ ತಾವೂ ಹೊರಗೆ ಹೋದರು. ಎಷ್ಟೋ ರೋಗಿಗಳು ಕಾಯುತ್ತಿದ್ದರು. ಆದರೂ ಡಾಕ್ಟರು ಒಳಗೆ ಬರಲಿಲ್ಲ, ನಮ್ಮನ್ನು ಏಳಿಸಲೂ ಇಲ್ಲ. ಟೋಪ್ಲಿಯ ಮಾತು ಮೊದಲು ಎತ್ತಿದ ಆ ಮನುಷ್ಯನ ಮೇಲೆ ಅಲ್ಲಿಯವರೆಗೆ ನನಗಿದ್ದ ಸಿಟ್ಟು ಅವತ್ತು ಇಳಿಯಿತು.

ಸೂಜಿ ಪವಾಡ ಮಾಡಿತು ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಔಷಧಿಯೂ ಇರಲಿಲ್ಲ. ಯಾಡಿಯ ತಲೆ ನೆಟ್ಟಗಾಗಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಬಿಸಿನೀರಿನ ಶಾಖ, ವ್ಯಾಯಾಮ, ಮತ್ತೆ ಸೂಜಿ. ಈಗಲೂ ಚಳಿಗಾಲದಲ್ಲಿ ಬಲಭುಜ ಬಿಗಿಯುತ್ತದೆ. ವ್ಯಾಯಾಮಕ್ಕೆ ಎದುರಿಗೆ ಕೂರುವವನು ಇಲ್ಲ. ನಾನು ಕೂತರೆ ಅವಳಿಗೆ ನಗು ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೂ ಕೂರುತ್ತೇನೆ.

ನಿನ್ನೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ನೋಯ್ತೈತಿ, ಒಂದೀಟು ಎಣ್ಣಿ ಹಚ್ಚು ಬಾ" ಎಂದು ಕರೆದಳು. ಹಿಟ್ಟಿನ ಕೈಯಲ್ಲೇ ಕೂದಲು ಮುಂದಕ್ಕೆ ಸರಿಸಿ ಕುತ್ತಿಗೆ ಬಗ್ಗಿಸಿ ಕೊಟ್ಟಳು. ನೋವಾದರೆ ಈಗ ನನ್ನ ತಾಯಿ ನೋವು ಎನ್ನುತ್ತಾಳೆ. ನನಗೆ ಅಷ್ಟು ಸಾಕು.